ಒಂದೇ ‘ಆಫ್’, ಎರಡು ಅರ್ಥ: ಇಂಗ್ಲಿಷಿನ ಜೋಡಿ ಕ್ರಿಯಾಪದಗಳ ಒಳಗುಟ್ಟು

ಹೊಸದುರ್ಗದ ಹೆಣ್ಣಿನ ಮನೆಗೆ ಹೊಳಲ್ಕೆರೆಯ ಗಂಡಿನ ಕಡೆಯಿಂದ ಎರಡು ಸಾಲಿನ ಸಂದೇಶವೊಂದು ಬರುತ್ತದೆ ಎಂದಿಟ್ಟುಕೊಳ್ಳಿ. ಗಂಡು ಬೆಂಗಳೂರಿನಲ್ಲಿ ಕೆಲಸದಲ್ಲಿರುವವನು, ಬರೆದಿರುವುದು ಇಂಗ್ಲಿಷಿನಲ್ಲಿ. ಮದುವೆಯನ್ನು ‘ಪುಟ್ ಆಫ್’ ಮಾಡಬೇಕಾಗಿದೆ ಎಂದಿದ್ದರೆ ಛತ್ರದವರೊಡನೆ ಮಾತನಾಡಿ ಬೇರೆ ದಿನ ಗೊತ್ತುಮಾಡಿಕೊಂಡರಾಯಿತು. ‘ಕಾಲ್ ಆಫ್’ ಎಂದಿದ್ದರೆ ಮದುವೆಯೇ ರದ್ದಾಯಿತು ಎಂದರ್ಥ. ಎರಡರಲ್ಲೂ ಇರುವುದು ಅದೇ ‘ಆಫ್’. ‘ಪುಟ್’ ಎಂದರೆ ಇಡು, ‘ಕಾಲ್’ ಎಂದರೆ ಕರೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಹುಡುಗಿಗೆ, ‘ಕಾಲ್ ಎಂದಿದೆಯಲ್ಲ, ನಮ್ಮನ್ನು ಕರೆಯುತ್ತಿರಬಹುದು’ ಎನಿಸಿದರೆ ಅದು ಅವಳ ತಪ್ಪಲ್ಲ. ಬಿಡಿಬಿಡಿಯಾಗಿ ಕಲಿತ ಎರಡು ಪದಗಳು ಜೊತೆಗೂಡಿದಾಗ ಮೂರನೆಯದೇ ಒಂದು ಅರ್ಥ ಕೊಡುತ್ತವೆ ಎಂಬುದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಕ್ಕಿಲ್ಲ.

ಹೀಗೆ ಒಂದು ಸಣ್ಣ ಕ್ರಿಯಾಪದಕ್ಕೆ ‘ಅಪ್’, ‘ಡೌನ್’, ‘ಆಫ್’, ‘ಔಟ್’, ‘ಓವರ್’, ‘ಥ್ರೂ’ ಮುಂತಾದ ಬಾಲ ಸೇರಿ ಹುಟ್ಟುವ ಪ್ರಯೋಗಗಳಿಗೆ ಇಂಗ್ಲಿಷಿನಲ್ಲಿ ‘ಫ್ರೇಸಲ್ ವರ್ಬ್’ ಎಂದು ಹೆಸರು. ಈ ಹೆಸರನ್ನು ಬಳಕೆಗೆ ತಂದದ್ದು ಲೋಗನ್ ಪಿಯರ್ಸಾಲ್ ಸ್ಮಿತ್ ಅವರ 1925ರ ಒಂದು ಪುಸ್ತಕ. ಆದರೆ ಇವುಗಳ ತೊಡಕು ಬಹಳ ಹಳೆಯದು. 1755ರಲ್ಲಿ ತಮ್ಮ ಪ್ರಸಿದ್ಧ ನಿಘಂಟನ್ನು ಹೊರತಂದ ಡಾ. ಸ್ಯಾಮ್ಯುಯೆಲ್ ಜಾನ್ಸನ್, ಪರಭಾಷಿಕರನ್ನು ಅತಿ ಹೆಚ್ಚು ಕಾಡುವುದು ಈ ಬಗೆಯ ಕ್ರಿಯಾಪದಗಳೇ ಎಂದು ಅದರ ಮುನ್ನುಡಿಯಲ್ಲಿ ಗುರುತಿಸಿದ್ದರು.

ಕಚೇರಿಯ ಇಂಗ್ಲಿಷ್, ಮನೆಯ ಇಂಗ್ಲಿಷ್

ನಮ್ಮವರಿಗೆ ‘ಪೋಸ್ಟ್‌ಪೋನ್’ ಸಲೀಸು, ‘ಪುಟ್ ಆಫ್’ ಕಷ್ಟ. ‘ಟಾಲರೇಟ್’ ಗೊತ್ತು, ‘ಪುಟ್ ಅಪ್ ವಿತ್’ ಗೊತ್ತಿಲ್ಲ. ‘ರಿಜೆಕ್ಟ್’ ಗೊತ್ತು, ‘ಟರ್ನ್ ಡೌನ್’ ಗೊತ್ತಿಲ್ಲ. ಇದಕ್ಕೆ ಇತಿಹಾಸದಲ್ಲಿ ಕಾರಣವುಂಟು. 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ಕೈಗೆ ತೆಗೆದುಕೊಂಡ ಮೇಲೆ ಸಂಸ್ಥಾನವನ್ನು ನಾಲ್ಕು ವಿಭಾಗಗಳಾಗಿ ಹಂಚಲಾಯಿತು. ಅವುಗಳಲ್ಲಿ ಚಿತ್ರದುರ್ಗವೂ ಒಂದು. ಅವರ ಕಾಗದಪತ್ರಗಳಲ್ಲಿ ಅದು ‘ಚಿತಲ್‌ಡ್ರೂಗ್’. ಆಡಳಿತದ ಜೊತೆಯಲ್ಲಿ ಬಂದ ಇಂಗ್ಲಿಷು ಹುಕುಂ, ಅರ್ಜಿ, ಮಂಜೂರಾತಿಗಳ ಇಂಗ್ಲಿಷು. ಅದರ ತುಂಬ ಲ್ಯಾಟಿನ್ ಮತ್ತು ಫ್ರೆಂಚ್ ಮೂಲದ ತೂಕದ ಪದಗಳು. ಜೋಡಿ ಕ್ರಿಯಾಪದಗಳಾದರೋ ಬಹುಮಟ್ಟಿಗೆ ಇಂಗ್ಲಿಷಿನ ದೇಸಿ ಪದಗಳಿಂದ ಆದವು. ಅಡುಗೆಮನೆ, ಜಗುಲಿ, ಸಂತೆಗಳಲ್ಲಿ ಬೆಳೆದವು. ಕನ್ನಡದಲ್ಲೂ ‘ತ್ಯಜಿಸು’ ಎನ್ನುವುದಕ್ಕೂ ‘ಬಿಟ್ಟುಬಿಡು’ ಎನ್ನುವುದಕ್ಕೂ ಇರುವ ಅಂತರ ಇಂಥದೇ. ಆ ಭಾಷೆಯ ‘ತ್ಯಜಿಸು’ ನಮಗೆ ಬಂತು, ‘ಬಿಟ್ಟುಬಿಡು’ ಬರಲಿಲ್ಲ.

ಬಂದ ಕೆಲವು ಜೋಡಿಪದಗಳು ಇಲ್ಲಿನ ನೀರು ಕುಡಿದು ಬೇರೆಯೇ ಆದವು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು ‘ಫೈಲ್ ಪುಟ್‌ಅಪ್ ಮಾಡಿದ್ದೇನೆ’ ಎಂದರೆ ಕಡತವನ್ನು ಸಾಹೇಬರ ಮುಂದಿಟ್ಟಿದ್ದೇನೆ ಎಂದರ್ಥ. ‘ವಿತ್’ ಸೇರಿಸಿದರೆ ಅದೇ ‘ಪುಟ್ ಅಪ್’ ಸಹಿಸಿಕೊಳ್ಳುವುದಾಗುತ್ತದೆ. ‘ಪಾಸ್ ಔಟ್’ ಎಂದರೆ ನಮ್ಮಲ್ಲಿ ಓದು ಮುಗಿಸಿ ಕಾಲೇಜಿನಿಂದ ಹೊರಬರುವುದು. ಲಂಡನ್ನಿನಲ್ಲಿ ಅದನ್ನು ಕೇಳಿದವರು ಮೊದಲು ತಿಳಿಯುವುದು ಪ್ರಜ್ಞೆ ತಪ್ಪಿ ಬೀಳುವುದು ಎಂದು. ‘ನಿಭಾಯಿಸು’ ಎಂಬರ್ಥದ ‘ಕೋಪ್’ಗೆ ನಾವು ಒಂದು ‘ಅಪ್’ ಅಂಟಿಸುತ್ತೇವೆ. ಅದಕ್ಕೆ ‘ವಿತ್’ ಒಂದೇ ಸಾಕು.

ಹೊಸದೇನಲ್ಲ, ನಮ್ಮಲ್ಲೂ ಉಂಟು

ಕನ್ನಡ ಬಲ್ಲವರಿಗೆ ಈ ರಚನೆ ಪೂರ್ತಿ ಅಪರಿಚಿತವಲ್ಲ ಎಂಬುದು ಗಮನಿಸಬೇಕಾದ ಸಂಗತಿ. ‘ಹೇಳಿದ’ ಮತ್ತು ‘ಹೇಳಿಬಿಟ್ಟ’ ಒಂದೇ ಅಲ್ಲ. ಎರಡನೆಯದರಲ್ಲಿ, ಹೇಳಬಾರದಿತ್ತು, ಆದರೂ ಹೇಳಿ ಮುಗಿಸಿದ ಎಂಬ ಧ್ವನಿಯಿದೆ. ಮರೆತುಹೋಯಿತು, ತಿಂದುಹಾಕಿದ, ನೋಡಿಕೊಂಡ, ಬರೆದಿಟ್ಟ ಇವುಗಳಲ್ಲಿ ಹೋಗು, ಹಾಕು, ಕೊಳ್ಳು, ಇಡು ಎಂಬವು ತಮ್ಮ ಸ್ವಂತ ಅರ್ಥವನ್ನು ಬದಿಗಿಟ್ಟು ಮುಂಚಿನ ಕ್ರಿಯೆಗೆ ಬಣ್ಣ ಕೊಡುತ್ತವೆ. ಇಂಗ್ಲಿಷಿನ ‘ಈಟ್ ಅಪ್’ನಲ್ಲಿರುವ ‘ಅಪ್’ ಕೂಡ ಮೇಲಕ್ಕೆ ಎಂದು ಹೇಳುತ್ತಿಲ್ಲ. ತಟ್ಟೆಯಲ್ಲಿ ಏನೂ ಉಳಿಸದೆ ತಿನ್ನು ಎಂದು ಹೇಳುತ್ತಿದೆ. ನಮ್ಮ ‘ಬಿಡು’ ಮಾಡುವ ಕೆಲಸವನ್ನು ಅಲ್ಲಿ ‘ಅಪ್’ ಮಾಡುತ್ತದೆ.

ಅಂಗಾಂಗಗಳ ನುಡಿಗಟ್ಟುಗಳು ಇನ್ನೊಂದು ಸೇತುವೆ. ‘ಗಿವ್ ಅಪ್’ ಎಂದರೆ ಕೈಬಿಡು, ‘ಟೇಕ್ ಅಪ್’ ಎಂದರೆ ಕೈಗೆತ್ತಿಕೊಳ್ಳು, ‘ಲೆಟ್ ಡೌನ್’ ಎಂದರೆ ಕೈಕೊಡು. ಆದರೆ ಸೇತುವೆಯ ಮೇಲೂ ಎಚ್ಚರ ಬೇಕು. ಇಂಗ್ಲಿಷಿನವನು ‘ಗಿವ್ ಮಿ ಎ ಹ್ಯಾಂಡ್’ ಎಂದರೆ ನೆರವಾಗು ಎನ್ನುತ್ತಿದ್ದಾನೆ; ನಮ್ಮಲ್ಲಿ ಕೈಕೊಟ್ಟವನು ನಡುನೀರಿನಲ್ಲಿ ಬಿಟ್ಟುಹೋದವನು. ಕರುಳು ಎಂದರೆ ನಮಗೆ ಮಮತೆ, ಕನಿಕರ. ‘ಗಟ್ಸ್’ ಎಂದರೆ ಅವರಿಗೆ ಧೈರ್ಯ.

ಒಂದು ಬೇಜಾರು, ಹಲವು ಇಂಗ್ಲಿಷು

ಭಾವನೆಗಳ ವಿಷಯದಲ್ಲಿ ಎರಡು ಭಾಷೆಗಳ ವ್ಯಾಕರಣವೇ ಬೇರೆ. ಕನ್ನಡದಲ್ಲಿ ನನಗೆ ಕೋಪ ‘ಬರುತ್ತದೆ’, ದುಃಖ ‘ಆಗುತ್ತದೆ’. ಕೋಪ ಹೊರಗಿನಿಂದ ಬರುವ ನೆಂಟ, ನಾನು ಅದು ಬಂದು ಸೇರುವ ಮನೆ. ಇಂಗ್ಲಿಷಿನಲ್ಲಿ ‘ಐ ಆಮ್ ಆ್ಯಂಗ್ರಿ’. ಅಲ್ಲಿ ನಾನೇ ಕೋಪಗೊಂಡವನು. ಹೊಸದಾಗಿ ಕಲಿಯುವವರು ‘ಆ್ಯಂಗರ್ ಕೇಮ್ ಟು ಮಿ’ ಎನ್ನುವುದು ಕನ್ನಡದ ಈ ವಾಕ್ಯವನ್ನೇ ಇಂಗ್ಲಿಷಿಗೆ ಇಳಿಸುವುದರಿಂದ.

ಇನ್ನು ‘ಬೇಜಾರು’. ಪಾರಸಿಯಿಂದ ಬಂದ ಈ ಪದ ಈಗ ಮನೆಮಾತು. ಹೊತ್ತು ಹೋಗದಿದ್ದರೂ ಬೇಜಾರು, ಗೆಳೆಯ ಮದುವೆಗೆ ಕರೆಯದಿದ್ದರೂ ಬೇಜಾರು, ಮಳೆ ಕೈಕೊಟ್ಟು ಬೆಳೆ ಒಣಗಿದರೂ ಬೇಜಾರು. ಇಂಗ್ಲಿಷು ಇವನ್ನು ಬಿಡಿಸಿ ಹೇಳುತ್ತದೆ. ಮೊದಲನೆಯದು ‘ಬೋರ್ಡ್’, ಎರಡನೆಯದು ‘ಹರ್ಟ್’, ಮೂರನೆಯದು ‘ಸ್ಯಾಡ್’. ನಂಬಿದವರು ಮಾತು ತಪ್ಪಿದ ನೋವು ‘ಲೆಟ್ ಡೌನ್’, ಸಾಕುಸಾಕಾದ ಸ್ಥಿತಿ ‘ಫೆಡ್ ಅಪ್’. ಹಾಸ್ಟೆಲಿನಲ್ಲಿ ನೊಂದು ಕುಳಿತ ಹುಡುಗ ವಾರ್ಡನ್ನರ ಮುಂದೆ ‘ಐ ಆಮ್ ಬೋರ್’ ಎಂದರೆ ಅವರು ಕೇರಂ ಆಡು ಹೋಗು ಎಂದಾರು. ಅವನ ಸಂಕಟ ಅವರಿಗೆ ಮುಟ್ಟುವುದೇ ಇಲ್ಲ.

ಹಿರಿಯೂರಿನ ಬಳಿ ಹೆದ್ದಾರಿಯಲ್ಲಿ ಬಸ್ಸು ಕೆಟ್ಟು ನಿಂತರೆ ‘ಬ್ರೇಕ್‌ಡೌನ್’ ಆಯಿತು ಎಂದು ಎಲ್ಲರೂ ಹೇಳುತ್ತಾರೆ. ಮನುಷ್ಯರೂ ಬ್ರೇಕ್ ಡೌನ್ ಆಗುತ್ತಾರೆ: ಅದುಮಿಟ್ಟ ದುಃಖ ಕಟ್ಟೆಯೊಡೆದು ಬಿಕ್ಕಿ ಅತ್ತಾಗ. ಬಸ್ಸಿನ ಅರ್ಥ ಗೊತ್ತಿದ್ದವರಿಗೆ ಈ ಅರ್ಥ ದೂರವೇನಲ್ಲ. ‘ಡೌನ್’ ಇದ್ದಲ್ಲಿ ಕುಸಿತವೋ ಇಳಿತವೋ ಇರುತ್ತದೆ. ‘ಕಾಮ್ ಡೌನ್’ ಎಂದರೆ ಏರಿದ ಸಿಟ್ಟು ಇಳಿಯಲಿ, ‘ಚಿಯರ್ ಅಪ್’ ಎಂದರೆ ಕುಗ್ಗಿದ ಮನಸ್ಸು ಮೇಲೇಳಲಿ.

ನಿರ್ಧಾರದ ಮೆಟ್ಟಿಲುಗಳು

ತ.ರಾ.ಸು. ಅವರ ‘ದುರ್ಗಾಸ್ತಮಾನ’ ಓದಿದ ವಿದ್ಯಾರ್ಥಿಗೆ ಮನುಷ್ಯ ಹಿಂಜರಿಯುವ, ಮನಸ್ಸು ಮಾಡುವ, ಪಟ್ಟು ಹಿಡಿಯುವ ಬಗೆಗಳಿಗೆ ಕನ್ನಡ ಪದಗಳ ಬಡತನವಿಲ್ಲ. ಆದರೆ ಇಂಗ್ಲಿಷಿಗೆ ಬಂದೊಡನೆ ಅವನ ಬಳಿ ಉಳಿಯುವುದು ‘ಡಿಸೈಡ್’ ಒಂದೇ. ಮದುವೆಯ ಮಾತುಕತೆಯನ್ನೇ ಮೆಟ್ಟಿಲಾಗಿ ಇಟ್ಟುಕೊಂಡು ನೋಡಬಹುದು. ‘ಯೋಚನೆ ಮಾಡಿ ಹೇಳುತ್ತೇವೆ’ ಎನ್ನುವುದು ‘ಥಿಂಕ್ ಓವರ್’. ಮನೆಯವರೊಡನೆ ಕೂತು ಚರ್ಚಿಸುವುದು ‘ಟಾಕ್ ಓವರ್’. ಒಂದು ರಾತ್ರಿ ಕಳೆಯಲಿ, ಬೆಳಗಾದ ಮೇಲೆ ಹೇಳೋಣ ಎಂದರೆ ‘ಸ್ಲೀಪ್ ಆನ್ ಇಟ್’. ಒಳಿತು ಕೆಡುಕು ತೂಗಿ ನೋಡುವುದು ‘ವೇ ಅಪ್’. ಇಲ್ಲಿ ಎರಡು ಭಾಷೆಗಳೂ ಹಿಡಿದಿರುವುದು ಒಂದೇ ತಕ್ಕಡಿ. ಬೇಡವೆನ್ನುವುದು ‘ಟರ್ನ್ ಡೌನ್’. ಹಿರಿಯರ ಒತ್ತಾಯಕ್ಕೆ ಮಣಿದರೆ ‘ಗಿವ್ ಇನ್’. ಒಪ್ಪಿ ಆಮೇಲೆ ಹಿಂದೆ ಸರಿದರೆ ‘ಬ್ಯಾಕ್ ಔಟ್’. ಅಳುಕಿದ್ದರೂ ಕೊನೆಮುಟ್ಟಿಸಿದರೆ ‘ಗೋ ಥ್ರೂ ವಿತ್’. ಮಾತು ದಡ ಸೇರದಿದ್ದರೆ ‘ಫಾಲ್ ಥ್ರೂ’. ನಾವೂ ‘ಮುರಿದುಬಿತ್ತು’ ಎಂದೇ ಹೇಳುತ್ತೇವೆ, ಬೀಳುವುದು ಎರಡರಲ್ಲೂ ಇದೆ.

ಇವುಗಳಲ್ಲಿ ‘ಗಿವ್ ಇನ್’ ಮತ್ತು ‘ಗಿವ್ ಅಪ್’ ನಡುವಿನ ಭೇದ ಸಣ್ಣದಲ್ಲ. ಮೊದಲನೆಯದು ಇನ್ನೊಬ್ಬರಿಗೆ ಮಣಿಯುವುದು, ಎರಡನೆಯದು ತಾನೇ ಪ್ರಯತ್ನ ಬಿಡುವುದು. ಓದು ನಿಲ್ಲಿಸಿದ ಹುಡುಗಿಯೊಬ್ಬಳು ಯಾವುದನ್ನು ಮಾಡಿದಳು ಎಂಬುದರ ಮೇಲೆ ಕೇಳುವವರ ತೀರ್ಪೇ ಬದಲಾದೀತು.

ಕಲಿಯುವ ದಾರಿ

ಜೋಡಿ ಕ್ರಿಯಾಪದಗಳ ನಿಘಂಟುಗಳಲ್ಲಿ ಸಾವಿರಾರು ನಮೂದುಗಳಿರುತ್ತವೆ. ಅಕಾರಾದಿಯಾಗಿ ಉರುಹೊಡೆಯಲು ಹೊರಟವರು ‘ಬಿ’ ಅಕ್ಷರ ದಾಟುವುದು ಕಷ್ಟ. ಆದರೆ ಅಷ್ಟು ದೂರ ಹೋಗಬೇಕಾದ್ದೂ ಇಲ್ಲ. ಸುಮಾರು 10 ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಸಂಗ್ರಹವನ್ನು ಜಾಲಾಡಿದ ಡೀ ಗಾರ್ಡ್ನರ್ ಮತ್ತು ಮಾರ್ಕ್ ಡೇವೀಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅತಿ ಬಳಕೆಯ 100 ಜೋಡಿಗಳೇ ಅದರಲ್ಲಿನ ಇಂಥ ಒಟ್ಟು ಪ್ರಯೋಗಗಳ ಅರ್ಧಕ್ಕಿಂತ ಹೆಚ್ಚು ಭಾಗವನ್ನು ತುಂಬುತ್ತವೆ. ದಿನಕ್ಕೆ ಎರಡರಂತೆ ಕಲಿತರೂ ಎರಡು ತಿಂಗಳೊಳಗೆ ಮುಗಿಯುವ ಕೆಲಸ.

ಕಲಿಯುವಾಗ ಒಂಟಿ ಪದಕ್ಕಿಂತ ಸನ್ನಿವೇಶ ಮುಖ್ಯ. ಮದುವೆ, ಸಂದರ್ಶನ, ಆಸ್ಪತ್ರೆ, ಜಗಳ ಹೀಗೆ ಒಂದೊಂದು ಸಂದರ್ಭಕ್ಕೆ ಐದಾರು ಜೋಡಿಗಳನ್ನು ಗುಂಪು ಮಾಡಿ, ಎದುರಿಗೆ ಕನ್ನಡದ ನುಡಿಗಟ್ಟನ್ನೇ ಬರೆದುಕೊಳ್ಳುವುದು ಒಳ್ಳೆಯದು. ಒಂದು ನಿಯಮವನ್ನು ಮಾತ್ರ ನೆನಪಿಡಬೇಕು. ‘ಇಟ್’, ‘ದೆಮ್’ನಂಥ ಸರ್ವನಾಮ ಬಂದಾಗ ಅನೇಕ ಜೋಡಿಗಳು ಬಾಗಿಲು ತೆರೆದು ಅದನ್ನು ನಡುವೆ ಕೂರಿಸಿಕೊಳ್ಳುತ್ತವೆ. ‘ಕಾಲ್ ಇಟ್ ಆಫ್’ ಸರಿ, ‘ಕಾಲ್ ಆಫ್ ಇಟ್’ ತಪ್ಪು. ಹೀಗಾಗಿ ಕೊನೆಯ ಪದದವರೆಗೆ ಕಾಯದೆ ಅರ್ಥ ಗೊತ್ತಾಗುವುದಿಲ್ಲ. ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೂ ಕಾಯುವುದು ಕನ್ನಡಿಗರಿಗೆ ಹೊಸ ಅಭ್ಯಾಸವಲ್ಲ.

2007–08ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಎಷ್ಟು ಬೇಗ ಕಲಿಸುತ್ತೇವೆ ಎಂಬುದರಷ್ಟೇ ಯಾವ ಇಂಗ್ಲಿಷ್ ಕಲಿಸುತ್ತೇವೆ ಎಂಬುದೂ ಮುಖ್ಯ. ಅರ್ಜಿ ಬರೆಯಲು ಕಚೇರಿಯ ಇಂಗ್ಲಿಷ್ ಸಾಕಾದೀತು. ನೊಂದದ್ದನ್ನು ತೋಡಿಕೊಳ್ಳಲು, ಬೇಡವೆಂದು ನಯವಾಗಿ ಹೇಳಲು, ಒಪ್ಪಿದ ಮಾತಿನಿಂದ ಹಿಂದೆ ಸರಿಯುತ್ತಿಲ್ಲ ಎಂದು ನಂಬಿಸಲು ಮನೆಯ ಇಂಗ್ಲಿಷೇ ಬೇಕು. ಹೊಸದುರ್ಗದ ಆ ಹುಡುಗಿಗೆ ಅದು ಬರುತ್ತಿದ್ದರೆ, ಮೊಬೈಲಿನಲ್ಲಿ ಬಂದ ಎರಡು ಸಾಲನ್ನು ಇನ್ನೊಬ್ಬರಿಂದ ಓದಿಸಿಕೊಂಡು ತನ್ನ ಮದುವೆಯ ಸುದ್ದಿ ತಿಳಿಯಬೇಕಾದ ಪ್ರಮೇಯ ಇರುತ್ತಿರಲಿಲ್ಲ. ಉತ್ತರವನ್ನೂ ಅವಳೇ ಬರೆಯುತ್ತಿದ್ದಳು.