ವ್ಯಾಯಾಮದ ಅಭ್ಯಾಸವನ್ನು ಮುಂದುವರಿಸಿಕೊಂಡು ಹೋಗುವ ಬಗ್ಗೆ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯನ್ವಯ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂತಹ ಸಾಧಾರಣ ಶ್ರಮದ ಚಟುವಟಿಕೆ ಮಾಡುವುದು ಅಗತ್ಯ. ಒಮ್ಮೆಗೆ ಕನಿಷ್ಠ 10 ನಿಮಿಷವಿರಬೇಕೆಂಬ 2010ರ ನಿಬಂಧನೆಯನ್ನು ಇದರಲ್ಲಿ ಕೈಬಿಡಲಾಗಿದೆ. ಆದುದರಿಂದ ಸಮಯವಿಲ್ಲವೆನ್ನುವವರು ಬಸ್ ನಿಲ್ದಾಣದವರೆಗಿನ ಬಿರುಸು ನಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಬಹುದಾಗಿದೆ.

ಆರಂಭಿಸುವವರು ಅನೇಕರು, ಒಂದು ದಿನ ತಪ್ಪಿದೊಡನೆ ಪೂರ್ಣವಾಗಿ ಕೈಬಿಡುವವರೂ ಅಷ್ಟೇ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೊಸ ಅಭ್ಯಾಸವು ರೂಢಿಯಾಗಲು ವ್ಯಕ್ತಿಗನುಗುಣವಾಗಿ ಅಂದಾಜು 18ರಿಂದ 254 ದಿನಗಳು ಬೇಕಾಗುತ್ತವೆ. ವ್ಯಾಯಾಮಕ್ಕೆ ಆಹಾರ, ಪಾನೀಯದ ಅಭ್ಯಾಸಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಆದರೆ ಒಂದು ದಿನ ತಪ್ಪಿದ್ದರಿಂದ ರೂಢಿಗೆ ವಿಶೇಷ ಧಕ್ಕೆಯಾಗಲಿಲ್ಲ. ಬೆಳಗಿನ ಕಾಫಿಯ ನಂತರ ಎಂಬಂತೆ ನಿತ್ಯವೂ ಒಂದೇ ಸಂದರ್ಭವನ್ನು ನಿಗದಿಪಡಿಸಿಕೊಳ್ಳುವುದು ಸೂಕ್ತ.

ರಕ್ತದೊತ್ತಡ, ಮಧುಮೇಹಕ್ಕೆ ಔಷಧಿ ಸೇವಿಸುತ್ತಿರುವವರು ವೈದ್ಯರ ಸಲಹೆ ಪಡೆದು ಆರಂಭಿಸುವುದು.