ಪ್ರಾಚೀನ ಪಠಣ, ಹೊಸ ಕಟ್ಟು: ಆರ್ವೊ ಪ್ಯಾರ್ಟ್ ಮತ್ತು ಎಸ್ಟೋನಿಯದ ವೃಂದಗಾನ

ಪ್ರಾಚೀನ ಭಕ್ತಿಗಾಯನವನ್ನು ಸಮಕಾಲೀನ ಸಂಗೀತದೊಡನೆ ಬೆಸೆಯುವ ಪ್ರಯತ್ನಗಳು ಕಳೆದ ಐವತ್ತು ವರ್ಷಗಳಲ್ಲಿ ಯುರೋಪಿನಲ್ಲಿ ಹಲವು ನಡೆದಿವೆ. ಅವುಗಳಲ್ಲಿ ಬಹುಪಾಲು, ಹಳೆಯ ಧಾಟಿಯೊಂದನ್ನು ಎತ್ತಿಕೊಂಡು ಅದಕ್ಕೆ ಹೊಸ ಕಾಲದ ಹಿಮ್ಮೇಳವನ್ನು ಜೋಡಿಸುವಲ್ಲಿಗೆ ನಿಂತುಬಿಡುತ್ತವೆ. ಬಾಲ್ಟಿಕ್ ಸಮುದ್ರದ ದಂಡೆಯ ಪುಟ್ಟ ದೇಶವಾದ ಎಸ್ಟೋನಿಯದ ಸಂಗೀತ ರಚನಕಾರ ಆರ್ವೊ ಪ್ಯಾರ್ಟ್ ಹಿಡಿದ ದಾರಿ ಇದಕ್ಕಿಂತ ಕಠಿಣವಾದದ್ದು. ಹಳೆಯ ಗಾಯನದ ಧಾಟಿಗಳನ್ನು ಎರವಲು ತರುವ ಬದಲು, ಪವಿತ್ರ ವಚನಕ್ಕೆ ಸ್ವರ ಸಂಪೂರ್ಣವಾಗಿ ಅಧೀನವಾಗಿರಬೇಕೆಂಬ ಅದರ ನಿಯಮವನ್ನೇ ಅವರು ಒಪ್ಪಿಕೊಂಡರು ಮತ್ತು ಆ ನಿಯಮದಿಂದ ತಮ್ಮ ಕಾಲದ ಸಂಗೀತವೊಂದನ್ನು ಕಟ್ಟಿದರು.

ಆ ಹಳೆಯ ಗಾಯನಗಳಲ್ಲಿ ಮುಖ್ಯವಾದದ್ದು ಗ್ರೆಗೋರಿಯನ್ ಗಾಯನ, ಅಂದರೆ ರೋಮನ್ ಕೆಥೊಲಿಕ್ ಚರ್ಚಿನ ಲ್ಯಾಟಿನ್ ಪ್ರಾರ್ಥನೆಗಳನ್ನು ವಾದ್ಯಗಳ ನೆರವಿಲ್ಲದೆ ಎಲ್ಲರೂ ಒಂದೇ ಧಾಟಿಯಲ್ಲಿ ಹಾಡುವ ಪದ್ಧತಿ. 604ರಲ್ಲಿ ತೀರಿಕೊಂಡ ಪೋಪ್ ಮೊದಲನೆಯ ಗ್ರೆಗರಿಯ ಹೆಸರು ಅದಕ್ಕೆ ಅಂಟಿಕೊಂಡಿದ್ದರೂ, ಅದು ಈಗಿನ ರೂಪಕ್ಕೆ ಬಂದದ್ದು ಎಂಟು ಮತ್ತು ಒಂಬತ್ತನೆಯ ಶತಮಾನಗಳಲ್ಲಿ, ಫ್ರಾಂಕ್ ದೊರೆಗಳ ಆಳ್ವಿಕೆಯಲ್ಲಿ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಅದರಲ್ಲಿ ನಿಶ್ಚಿತವಾದ ತಾಳವಿಲ್ಲ. ಲ್ಯಾಟಿನ್ ವಾಕ್ಯದ ಏರಿಳಿತವೇ ಸ್ವರದ ನಡೆಯನ್ನೂ ನಿಲುಗಡೆಯನ್ನೂ ನಿರ್ಧರಿಸುತ್ತದೆ. ಈ ಏಕಧ್ವನಿಯ ಮೇಲೆ ಇನ್ನೊಂದು ಧ್ವನಿಯನ್ನು ಕೂಡಿಸುವ ಬಹುಧ್ವನಿ ಪದ್ಧತಿಯು ಹನ್ನೆರಡನೆಯ ಶತಮಾನದಿಂದೀಚೆಗೆ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಸುತ್ತ ವಿಶೇಷವಾಗಿ ಬೆಳೆಯಿತು.

1935ರಲ್ಲಿ ಪೈಡೆ ಎಂಬ ಊರಿನಲ್ಲಿ ಹುಟ್ಟಿದ ಪ್ಯಾರ್ಟ್, ಎಸ್ಟೋನಿಯವು ಸೋವಿಯತ್ ಒಕ್ಕೂಟದ ವಶದಲ್ಲಿದ್ದ ದಿನಗಳಲ್ಲಿ ಬೆಳೆದವರು. ಟ್ಯಾಲಿನ್ ನಗರದಲ್ಲಿ ಸಂಗೀತ ಕಲಿತು, ಅಲ್ಲಿಯ ಆಕಾಶವಾಣಿಯಲ್ಲಿ ಧ್ವನಿ ತಂತ್ರಜ್ಞರಾಗಿ ದುಡಿಯುತ್ತಲೇ ಅವರು ಪಶ್ಚಿಮ ಯುರೋಪಿನ ಅತ್ಯಾಧುನಿಕ ಶೈಲಿಗಳಲ್ಲಿ ಕೃತಿಗಳನ್ನು ರಚಿಸಿದರು. 1968ರ ‘ಕ್ರೇಡೊ’ ಎಂಬ ಕೃತಿಯಲ್ಲಿ ಕ್ರಿಸ್ತನಲ್ಲಿ ತಮಗಿರುವ ವಿಶ್ವಾಸವನ್ನು ವೃಂದದ ಬಾಯಿಂದ ಬಹಿರಂಗವಾಗಿ ಹೇಳಿಸಿದ್ದು ಅಧಿಕಾರಿಗಳ ಕೋಪಕ್ಕೆ ಕಾರಣವಾಗಿ, ಅದರ ಮುಂದಿನ ಪ್ರದರ್ಶನಗಳಿಗೆ ತಡೆ ಬಿತ್ತು. ಹೊರಗಿನ ಈ ತಡೆಗಿಂತ ದೊಡ್ಡದಾದದ್ದು ಅವರ ಒಳಗಿನ ಬಿಕ್ಕಟ್ಟು. ಅದುವರೆಗೆ ಕಲಿತ ಶೈಲಿಗಳೆಲ್ಲ ಬರಿದಾದಂತೆ ತೋರಿದುದರಿಂದ, ಮುಂದಿನ ಎಂಟು ವರ್ಷ, 1971ರ ಮೂರನೆಯ ಸಿಂಫನಿಯಂತಹ ಕೆಲವನ್ನು ಬಿಟ್ಟರೆ, ಅವರು ಹೆಚ್ಚೇನನ್ನೂ ಪ್ರಕಟಿಸಲಿಲ್ಲ. ಗ್ರೆಗೋರಿಯನ್ ಗಾಯನವನ್ನೂ ಮಧ್ಯಯುಗದ ಬಹುಧ್ವನಿಯನ್ನೂ ಅಕ್ಷರಾಭ್ಯಾಸದಿಂದ ತೊಡಗಿದ ವಿದ್ಯಾರ್ಥಿಯ ಶ್ರದ್ಧೆಯಲ್ಲಿ ಅಭ್ಯಸಿಸಿ, ಒಂದೇ ಎಳೆಯ ಧಾಟಿಗಳನ್ನು ಬರೆದು ಬರೆದು ನೋಟ್‌ಬುಕ್ಕುಗಳನ್ನು ತುಂಬಿಸಿದರು. ಇದೇ ಅವಧಿಯಲ್ಲಿ ಆರ್ಥಡಾಕ್ಸ್ ಚರ್ಚನ್ನೂ ಸೇರಿದರು. ಇಪ್ಪತ್ತನೆಯ ಶತಮಾನದ ಸಂಗೀತದಲ್ಲಿ ಇಷ್ಟು ಫಲವತ್ತಾದ ಮೌನ ಬೇರೊಂದಿರಲಾರದು.

1976ರಲ್ಲಿ, ‘ಫ್ಯೂರ್ ಅಲಿನಾ’ ಎಂಬ ಪುಟ್ಟ ಪಿಯಾನೊ ಕೃತಿಯೊಡನೆ, ಆ ಮೌನ ಮುರಿಯಿತು. ಅದರಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ರಚನಾಕ್ರಮಕ್ಕೆ ಪ್ಯಾರ್ಟ್ ‘ಟಿಂಟಿನ್ನಾಬುಲಿ’ ಎಂಬ ಹೆಸರಿಟ್ಟರು; ಚಿಕ್ಕ ಗಂಟೆಗಳ ನಾದವನ್ನು ಸೂಚಿಸುವ ಲ್ಯಾಟಿನ್ ಹೆಸರು ಅದು. ಈ ಕ್ರಮದಲ್ಲಿ ಎರಡು ಧ್ವನಿಗಳು ಸದಾ ಜೊತೆಯಾಗಿ ಸಾಗುತ್ತವೆ. ಒಂದು ಧ್ವನಿ ಒಂದು ಕೇಂದ್ರ ಸ್ವರದಿಂದ ಹೊರಟು, ಅಥವಾ ಅದರ ಕಡೆಗೆ ಮರಳುತ್ತ, ಪಕ್ಕಪಕ್ಕದ ಸ್ವರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಇನ್ನೊಂದು ಧ್ವನಿಗೆ ಇರುವುದು ಮೂರೇ ಸ್ವರ, ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಷಡ್ಜ, ಗಾಂಧಾರ ಮತ್ತು ಪಂಚಮ. ಮೊದಲ ಧ್ವನಿ ಯಾವ ಸ್ವರದಲ್ಲಿದ್ದರೂ, ಅದಕ್ಕೆ ಮೇಲಿನ ಅಥವಾ ಕೆಳಗಿನ ಹತ್ತಿರದ ಸ್ವರವನ್ನು ಈ ಮೂರರಿಂದಲೇ ಆರಿಸಿಕೊಂಡು ಎರಡನೆಯದು ಜೊತೆಗೂಡುತ್ತದೆ. ಗಾಯಕನ ಬೆನ್ನಿಗೆ ತಂಬೂರಿ ಇರುವಂತೆ ಈ ಎರಡನೆಯ ಧ್ವನಿ ಮೊದಲನೆಯದಕ್ಕೆ ನೆಲೆ ಕೊಡುತ್ತದೆ ಎನ್ನಬಹುದಾದರೂ, ತಂಬೂರಿಯ ನಾದ ಒಂದೇ ಕಡೆ ನಿಂತಿರುತ್ತದೆ, ಇದು ಮಾತ್ರ ಹಾಡಿನ ಪ್ರತಿ ಅಕ್ಷರದೊಡನೆಯೂ ಸ್ಥಾನ ಬದಲಿಸುತ್ತದೆ. ಎರಡೂ ಸೇರಿದಾಗ ಕೆಲವೊಮ್ಮೆ ಹಿತವಾದ ಮೇಳ, ಕೆಲವೊಮ್ಮೆ ಪಕ್ಕದ ಸ್ವರಗಳ ತೀಕ್ಷ್ಣವಾದ ಘರ್ಷಣೆ ಹುಟ್ಟುತ್ತದೆ, ಮತ್ತು ಹಳೆಯದಾಗಿ ಕೇಳಿಸುವ ಈ ಸಂಗೀತ ವಾಸ್ತವವಾಗಿ ಹೊಸದು ಎಂಬುದು ತಿಳಿಯುವುದು ಆ ಘರ್ಷಣೆಯ ಕ್ಷಣಗಳಲ್ಲಿಯೇ. ಒಂದು ಧ್ವನಿ ತಪ್ಪುತ್ತ ಅಲೆಯುವ ಮನುಷ್ಯನನ್ನೂ ಇನ್ನೊಂದು ಅವನಿಗೆ ದೊರೆಯುವ ಕ್ಷಮೆಯನ್ನೂ ಸೂಚಿಸುತ್ತದೆ ಎಂಬ ಅರ್ಥದಲ್ಲಿ ಪ್ಯಾರ್ಟ್ ಇದನ್ನು ವಿವರಿಸಿದ್ದಾರೆ.

ಈ ಕ್ರಮ ತನ್ನ ಪೂರ್ಣ ಶಕ್ತಿಯನ್ನು ತೋರುವುದು ವೃಂದಗಾನದಲ್ಲಿ. ಯೋಹಾನನ ಸುವಾರ್ತೆಯಲ್ಲಿ ಬರುವ ಕ್ರಿಸ್ತನ ಬಂಧನ, ವಿಚಾರಣೆ ಮತ್ತು ಮರಣದ ಕಥೆಯನ್ನು ಲ್ಯಾಟಿನ್ ಭಾಷೆಯಲ್ಲಿ ಹಾಡುವ ‘ಪಾಸಿಯೊ’ 1982ರಲ್ಲಿ ಪೂರ್ಣಗೊಂಡಿತು. ಒಂದು ಗಂಟೆಗೂ ಮೀರಿದ ಈ ಕೃತಿಯಲ್ಲಿ ಸುವಾರ್ತಿಕನ ಮಾತನ್ನು ನಾಲ್ವರು ಗಾಯಕರೂ ಜನಸಮೂಹದ ಕೂಗನ್ನು ವೃಂದವೂ ಹಾಡುತ್ತವೆ. ಇದರಲ್ಲಿ ಒಂದು ಪದಕ್ಕೆ ಎಷ್ಟು ಅಕ್ಷರಗಳಿವೆ ಎಂಬುದರ ಮೇಲೆ ಧ್ವನಿ ಎಷ್ಟು ಮೆಟ್ಟಿಲು ನಡೆಯಬೇಕು ಎಂಬುದು ನಿಶ್ಚಯವಾಗುತ್ತದೆ, ಮತ್ತು ಅಲ್ಪವಿರಾಮ, ಪೂರ್ಣವಿರಾಮ, ಪ್ರಶ್ನಾರ್ಥಕ ಚಿಹ್ನೆಗಳು ಪದಗುಚ್ಛದ ಕೊನೆಯ ಸ್ವರಗಳನ್ನು ಎಷ್ಟು ಎಳೆಯಬೇಕೆಂಬುದನ್ನು ಹೇಳುತ್ತವೆ. ಶಿಲುಬೆಯ ದೃಶ್ಯ ಬಂದಾಗಲೂ ರಚನಕಾರ ತನ್ನ ಭಾವಾವೇಶವನ್ನು ಮೇಲಿನಿಂದ ಸೇರಿಸುವುದಿಲ್ಲ. ಹತ್ತನೆಯ ಶತಮಾನದ ಸಂನ್ಯಾಸಿಯೊಬ್ಬ ವಚನದ ಮುಂದೆ ತನ್ನನ್ನು ಮರೆಸಿಕೊಂಡಿದ್ದನಲ್ಲ, ಆ ನಿಲುವನ್ನೇ ಗಣಿತದಷ್ಟು ಕಟ್ಟುನಿಟ್ಟಾದ ವಿಧಾನದಿಂದ ಇಲ್ಲಿ ಮರಳಿ ಪಡೆಯಲಾಗಿದೆ.

ಸೋವಿಯತ್ ಆಡಳಿತದಲ್ಲಿ ಇಂತಹ ರಚನೆಗಳಿಗೆ ಬಹಿರಂಗವಾದ ಸ್ಥಳವಿರಲಿಲ್ಲ. ಕ್ರೈಸ್ತ ವಿಶ್ವಾಸಪ್ರಮಾಣದ ಲ್ಯಾಟಿನ್ ಪಠ್ಯವನ್ನು ನಾಲ್ಕು ಧ್ವನಿಗಳಿಗೆ ಹೊಂದಿಸಿದ 1977ರ ಕೃತಿಗೆ ‘ಸುಮ್ಮಾ’ ಎಂಬ ತಟಸ್ಥವಾದ ಹೆಸರಿಡಬೇಕಾಯಿತು. 1980ರಲ್ಲಿ ಪ್ಯಾರ್ಟ್ ಕುಟುಂಬ ದೇಶ ಬಿಟ್ಟು ವಿಯೆನ್ನಾಕ್ಕೆ, ಅಲ್ಲಿಂದ ಬರ್ಲಿನ್ನಿಗೆ ಹೋಯಿತು. ಆದರೂ ಅವರ ಸಂಗೀತಕ್ಕೆ ಒದಗಿದ ಅತ್ಯುತ್ತಮ ಕಂಠಗಳಲ್ಲಿ ಕೆಲವು ತಾಯ್ನಾಡಿನವೇ. 1981ರಲ್ಲಿ ಟೊನು ಕಲ್ಯುಸ್ಟೆ ಕಟ್ಟಿದ ಎಸ್ಟೋನಿಯದ ಫಿಲ್‌ಹಾರ್ಮೊನಿಕ್ ಚೇಂಬರ್ ವೃಂದವು, ಕೊಲೋನ್ ಮಹಾದೇವಾಲಯದ 750ನೆಯ ವರ್ಷದ ನಿಮಿತ್ತ ರಚಿತವಾದ ‘ಕಾನೊನ್ ಪೊಕಾಯಾನೆನ್’ ಕೃತಿಯನ್ನು 1998ರಲ್ಲಿ ಅಲ್ಲಿಯೇ ಮೊದಲು ಹಾಡಿತು. ಆರ್ಥಡಾಕ್ಸ್ ಚರ್ಚಿನ ಪಶ್ಚಾತ್ತಾಪದ ಪ್ರಾರ್ಥನೆಯನ್ನು ಚರ್ಚ್ ಸ್ಲಾವೊನಿಕ್ ಎಂಬ ಹಳೆಯ ಪೂಜಾಭಾಷೆಯಲ್ಲಿ, ಯಾವ ವಾದ್ಯವೂ ಇಲ್ಲದೆ ಹಾಡುವ ಈ ಕೃತಿಯಲ್ಲಿ ಬಚ್ಚಿಟ್ಟುಕೊಳ್ಳಲು ಗಾಯಕರಿಗೆ ಎಲ್ಲಿಯೂ ಎಡೆಯಿಲ್ಲ. ಕಂಪನವಿಲ್ಲದ ನೇರ ಸ್ವರ, ಕೂದಲೆಳೆಯೂ ತಪ್ಪದ ಶ್ರುತಿ ಮತ್ತು ದೀರ್ಘವಾದ ಉಸಿರು ಇಲ್ಲದಿದ್ದರೆ ಇಡೀ ಕಟ್ಟಡವೇ ಕುಸಿಯುತ್ತದೆ.

ಇಂತಹ ವೃಂದಗಳು ಎಸ್ಟೋನಿಯದಲ್ಲಿ ಬೆಳೆಯಲು ಕಾರಣವಿದೆ. 1869ರಲ್ಲಿ ಟಾರ್ಟು ನಗರದಲ್ಲಿ ಆರಂಭವಾದ ಗಾಯನೋತ್ಸವವು ಅಲ್ಲಿಯ ಜನರನ್ನು ಹಾಡಿನ ಮೂಲಕ ಒಂದುಗೂಡಿಸಿದೆ. 1980ರ ದಶಕದ ಕೊನೆಯಲ್ಲಿ ಸ್ವಾತಂತ್ರ್ಯದ ಹೋರಾಟವೂ ಸಾಮೂಹಿಕ ಗಾಯನದ ರೂಪ ತಾಳಿತು. ಪ್ಯಾರ್ಟ್ ಅವರ ಹಿರಿಯ ಸಮಕಾಲೀನ ವೆಲ್ಯೊ ಟೊರ್ಮಿಸ್ (1930–2017) ಹಳತನ್ನು ಹೊಸತಿನೊಡನೆ ಬೆಸೆಯುವ ಕೆಲಸವನ್ನು ಚರ್ಚಿಗಿಂತಲೂ ಹಿಂದಿನ ಪದರವೊಂದರಲ್ಲಿ ಮಾಡಿದರು. ಮುಂದಾಳು ಒಂದು ಸಾಲು ಹೇಳಿ ಮುಗಿಸುವಷ್ಟರಲ್ಲಿ ಉಳಿದವರು ಕೊನೆಯ ಅಕ್ಷರಗಳನ್ನು ಹಿಡಿದು ಅದೇ ಸಾಲನ್ನು ಮತ್ತೆ ಹಾಡುವ ‘ರೆಗಿಲಾವುಲ್’ ಎಂಬ ಪುರಾತನ ಜನಪದ ಪದ್ಧತಿ ಅವರ ವೃಂದಗಾನದ ಬುನಾದಿ. ತಾವು ಜನಪದ ಹಾಡನ್ನು ಬಳಸಿಕೊಳ್ಳುತ್ತಿಲ್ಲ, ಹಾಡೇ ತಮ್ಮನ್ನು ಬಳಸಿಕೊಳ್ಳುತ್ತಿದೆ ಎಂದು ಅವರು ಹೇಳುತ್ತಿದ್ದರು. ಹಳತು ಹೊಸತುಗಳ ಬೆಸುಗೆಯನ್ನು ಅಳೆಯಲು ಇದಕ್ಕಿಂತ ಹೆಚ್ಚು ನಂಬಬಹುದಾದ ಅಳತೆಗೋಲು ಸಿಗುವುದು ಕಷ್ಟ.

ಹಳೆಯ ಧಾಟಿಗೆ ಹೊಸತನ್ನು ಜೋಡಿಸುವ ಇನ್ನೊಂದು ದಾರಿಯನ್ನು ಇದರೊಡನೆ ಹೋಲಿಸಿ ನೋಡಬಹುದು. 1994ರಲ್ಲಿ ಬಂದ ‘ಒಫೀಸಿಯುಮ್’ ಎಂಬ ಧ್ವನಿಮುದ್ರಿಕೆಯಲ್ಲಿ ಇಂಗ್ಲೆಂಡಿನ ಹಿಲಿಯರ್ಡ್ ಎನ್‌ಸೆಂಬಲ್ ಗಾಯಕರು ಗ್ರೆಗೋರಿಯನ್ ಧಾಟಿಗಳನ್ನೂ ಹದಿನಾರನೆಯ ಶತಮಾನದ ರಚನೆಗಳನ್ನೂ ಹಾಡಿದರೆ, ನಾರ್ವೆಯ ಯಾನ್ ಗಾರ್ಬಾರೆಕ್ ಅದರ ಮೇಲೆ ಸ್ಯಾಕ್ಸೊಫೋನಿನಲ್ಲಿ ಮನೋಧರ್ಮದ ವಾದನ ನಡೆಸಿದರು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದ ಆ ಪ್ರಯೋಗ ಸುಂದರವಾಗಿದೆ. ಆದರೆ ಅಲ್ಲಿ ಹಳತು ಮತ್ತು ಹೊಸತು ಅಕ್ಕಪಕ್ಕದಲ್ಲಿ ನಿಲ್ಲುತ್ತವೆ, ಪ್ಯಾರ್ಟ್ ಅವರಲ್ಲಿ ಎರಡರ ನಡುವಿನ ಗೆರೆಯೇ ಕಾಣುವುದಿಲ್ಲ. ಈ ಸಂಗೀತವನ್ನು ಮೊದಲ ಬಾರಿಗೆ ಕೇಳಬಯಸುವ ಓದುಗರು ಕೆಲವೇ ನಿಮಿಷಗಳ ‘ಸುಮ್ಮಾ’ದಿಂದ ತೊಡಗಿ, ಎರಡು ಧ್ವನಿಗಳ ನಡೆಯನ್ನು ಕಿವಿಯಿಂದ ಬೇರ್ಪಡಿಸಿ ಗುರುತಿಸುವ ರೂಢಿಯಾದ ಮೇಲೆ, ‘ಪಾಸಿಯೊ’ವನ್ನು ನಡುವೆ ನಿಲ್ಲಿಸದೆ ಒಂದೇ ಬಾರಿಗೆ ಪೂರ್ತಿಯಾಗಿ ಕೇಳಬೇಕು.