ನೆರಳಿದ್ದರೆ ಸಾಲದು, ಗಾಳಿಯೂ ಬೇಕು

ಸಿಡ್ನಿಯಲ್ಲಿರುವ ಮಗಳ ಬಾಣಂತನಕ್ಕೆ ಹೋಗಿರುವ ಓದುಗರೊಬ್ಬರು ಕೇಳಿದ್ದಾರೆ: ‘ಮೊಮ್ಮಗನನ್ನು ಸ್ಟ್ರಾಲರ್‌ನಲ್ಲಿ ಮಲಗಿಸಿ ಹೊರಟಾಗ ಬಿಸಿಲು ತಾಗದಿರಲೆಂದು ಹಳೆಯ ಕಾಟನ್ ಸೀರೆಯ ತುಂಡು ಹೊದಿಸುತ್ತೇನೆ. ಮಗಳು ಬೇಡವೆನ್ನುತ್ತಾಳೆ. ಯಾರು ಸರಿ?’

ಮಗಳೇ ಸರಿ, ಅಮ್ಮಾ. ಆದರೆ ಸೀರೆ ಎತ್ತಿಡಬೇಡಿ, ಅದಕ್ಕೆ ಬೇರೆ ಕೆಲಸವಿದೆ.

ಹೊಂಗೆಮರದ ನೆರಳು ತಂಪು, ಏಕೆಂದರೆ ಅಲ್ಲಿ ಗಾಳಿಯಾಡುತ್ತದೆ. ಸುತ್ತ ಮುಚ್ಚಿದ ಗಾಡಿಯಲ್ಲಿ ಬಟ್ಟೆಯೂ ಗಾಳಿಯೂ ಕಾಯುತ್ತವೆ, ಮಗುವಿನ ಮೈಬಿಸಿಯೂ ಸೇರುತ್ತದೆ. 2023ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರೇ ಇದನ್ನು ಅಳೆದರು. ಒಣ ಮಸ್ಲಿನ್ ಬಟ್ಟೆ ಹೊದಿಸಿದಾಗ ಒಳಗಿನ ತಾಪ ಎರಡೂವರೆ ಡಿಗ್ರಿಗೂ ಹೆಚ್ಚು ಏರಿತು. ಅದೇ ಬಟ್ಟೆಯನ್ನು ಒದ್ದೆ ಮಾಡಿ, ಜೊತೆಗೆ ಪುಟ್ಟ ಬ್ಯಾಟರಿ ಫ್ಯಾನ್ ಸಿಕ್ಕಿಸಿದಾಗ ಸುಮಾರು 5 ಡಿಗ್ರಿ ಇಳಿಯಿತು!

ಒದ್ದೆ ಬಟ್ಟೆ ತಂಪು ಮಾಡುವುದೇಕೆ? ನನಗೆ ಬಲು ಇಷ್ಟವಾದ ಲೆಕ್ಕ ಇಲ್ಲಿದೆ. 30 ಡಿಗ್ರಿಯ ಒಂದು ಗ್ರಾಂ ನೀರನ್ನು ಕುದಿಯುವ ಹಂತಕ್ಕೆ ತರಲು 70 ಕ್ಯಾಲೊರಿ ಸಾಕು. ಅದೇ ನೀರು ಕುದಿಯದೆ ಸದ್ದಿಲ್ಲದೆ ಆರಿಹೋಗಲು ಸುಮಾರು 580 ಕ್ಯಾಲೊರಿ ಬೇಕು, ಎಂಟು ಪಟ್ಟು! ಅಷ್ಟೂ ಶಾಖವನ್ನು ಅದು ಬಟ್ಟೆಯಿಂದ, ಸುತ್ತಲಿನ ಗಾಳಿಯಿಂದ ಕಿತ್ತುಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ನಮ್ಮ ಅಡುಗೆಮನೆಯ ಮಣ್ಣಿನ ಹೂಜಿಯ ಹೊಟ್ಟೆ ಮುಟ್ಟಿದರೆ ಅಂಗೈಗೆ ತೇವ ಹತ್ತುತ್ತದೆ. ಒಳಗಿನ ನೀರನ್ನು ತಣ್ಣಗಿಡುವುದು ಆ ತೇವವೇ. ರಾಯಚೂರಿನ ಒಣಹವೆಯಲ್ಲಿ ಒದ್ದೆ ಬಟ್ಟೆಯ ಉಪಾಯ ಚೆನ್ನಾಗಿ ನಡೆಯುತ್ತದೆ. ಮಂಗಳೂರಿನ ಸೆಕೆಯಲ್ಲಿ ಗಾಳಿಯೇ ನೀರು ಕುಡಿದಿರುತ್ತದೆ, ಬಟ್ಟೆ ಬೇಗ ಆರದು, ಫಲವೂ ಕಡಿಮೆ.

ಇನ್ನೊಂದು ಮಾತು. ‘ದೃಷ್ಟಿಯಾಗುತ್ತದೆ’ ಎಂದು ಗಾಡಿಯನ್ನು ಪೂರಾ ಮುಚ್ಚಿ ಪಾರ್ಕಿಗೆ ಬರುವವರನ್ನು ಕಂಡಿದ್ದೇನೆ. ಒಮ್ಮೆ ಕೇಳಿಕೊಂಡು ಒಳಗೆ ಕೈಯಿಟ್ಟೆ: ಬಾಣಲೆಯ ಮೇಲೆ ಕೈ ಹಿಡಿದಂಥ ಬಿಸಿ, ಮಗುವಿನ ನೆತ್ತಿಯ ಕೂದಲೆಲ್ಲ ಬೆವರಿಗೆ ಅಂಟಿತ್ತು. ಯಾರ ಕಣ್ಣೂ ಮಗುವಿಗೆ ಕೇಡು ಮಾಡದು. ಸೆಕೆ ಮಾಡುತ್ತದೆ. ಮುಚ್ಚಿದ ಮಗು ನಿಮ್ಮ ಕಣ್ಣಿಗೂ ಬೀಳದು ಎಂಬುದೇ ನಿಜವಾದ ಅಪಾಯ.

ಆದ್ದರಿಂದ ನಿಮ್ಮ ಸೀರೆಯ ತುಂಡನ್ನು ಗಾಡಿಯ ಕೊಡೆಯಂಚಿಗೆ ಎರಡೂ ಬದಿ ಕ್ಲಿಪ್ ಹಾಕಿ ಬಿಗಿಯಿರಿ, ಬಿಸಿಲು ಬರುವ ಕಡೆಗೆ ಮಾತ್ರ ಇಳಿಬಿಡಿ, ಉಳಿದೆಡೆ ತೆರೆದಿರಲಿ. ಒದ್ದೆ ಬಟ್ಟೆಯಾದರೆ ಹಿಂಡಿ ಹಾಕಿ, ಮುಖಕ್ಕೆ ತಾಗದಿರಲಿ, ಕಾಲು ಗಂಟೆಗೊಮ್ಮೆ ಮತ್ತೆ ನೆನೆಸಿ. ಆಗಾಗ ಮಗುವಿನ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬಿಸಿಯಾಗಿ ಬೆವರಿದ್ದರೆ ತಡಮಾಡದೆ ಎತ್ತಿಕೊಂಡು ಮರದ ಕೆಳಗೆ ನಡೆಯಿರಿ.